ಸುರಪುರ ಸೀಮೆಯ ಚಳಿಜ್ವರವೂ ರಕ್ತದ ಆನುವಂಶಿಕತೆಯೂ

ಯಾದಗಿರಿ, ಶಹಾಪುರ, ಸುರಪುರಗಳು ಕೃಷ್ಣಾ ಭೀಮಾ ನದಿಗಳ ನೀರುಂಡ ಸೀಮೆ. ಇಲ್ಲಿಯ ಇತಿಹಾಸವನ್ನು ಬರೆಯುವವರು ಕೋಟೆ, ಕದನ, ಸಂಧಿಗಳಿಗೆ ಕೊಡುವ ಗಮನದಲ್ಲಿ ಒಂದಂಶವನ್ನಾದರೂ ಚಳಿಜ್ವರಕ್ಕೆ ಕೊಡುವುದು ಯುಕ್ತವಾಗಿದೆ. ರಾಜಾ ವೆಂಕಟಪ್ಪ ನಾಯಕನು ಪ್ರಾಪ್ತವಯಸ್ಕನಾಗುವ ವರೆಗೆ, ಎಂದರೆ 1841ರಿಂದ 1853ರ ವರೆಗೆ, ಸಂಸ್ಥಾನದ ಮೇಲ್ವಿಚಾರಣೆ ನಡೆಯಿಸಿದ ಮೆಡೋಸ್ ಟೇಲರನು ಬೋನಾಳದ ಕೆರೆಯನ್ನು ಜೀರ್ಣೋದ್ಧಾರಗೊಳಿಸಿದನು. ತಾನು ಜ್ವರದಿಂದ ನರಳಿದ ಸಂಗತಿಯನ್ನೂ ಅವನು ಆತ್ಮಚರಿತ್ರೆಯಲ್ಲಿ ಬರೆದಿದ್ದಾನೆ. ಈ ಜ್ವರಕ್ಕೆ ಜೌಗುನೆಲದ ಕೆಟ್ಟ ಗಾಳಿಯೇ ಕಾರಣವೆಂದೂ, ನಾಡವರ ಮೈ ಹುಟ್ಟಿನಿಂದಲೇ ಅದನ್ನು ತಾಳಬಲ್ಲುದೆಂದೂ ಆ ಕಾಲದ ಆಂಗ್ಲರಲ್ಲಿ ಅನೇಕರು ನಂಬಿದ್ದರು. ಈ ನಂಬಿಕೆಯಲ್ಲಿ ದಿಟವೆಷ್ಟು, ಸಟೆಯೆಷ್ಟು ಎಂಬುದೇ ಪ್ರಕೃತ ವಿಚಾರ.

ಗಾಳಿಯ ಮಾತು ಸಟೆಯೆಂದು ಬೇಗನೆ ಸಿದ್ಧವಾಯಿತು. 1880ರಲ್ಲಿ ಲಾವೆರಾನನು ಅಲ್ಜೀರಿಯದಲ್ಲಿ ರೋಗಿಯ ರಕ್ತದೊಳಗೆ ಮಲೇರಿಯಾ ಜೀವಾಣುವನ್ನು ಕಂಡನು. 1897ರ ಆಗಸ್ಟ್ 20ರಂದು ರೊನಾಲ್ಡ್ ರಾಸನು ಅದನ್ನು ಅನಾಫಿಲಿಸ್ ಸೊಳ್ಳೆಯ ಜಠರದಲ್ಲಿ ಗುರುತಿಸಿದನು. ಇದು ನಡೆದುದು ಸಿಕಂದರಾಬಾದಿನಲ್ಲಿ. ಸುರಪುರವು 1860ರಲ್ಲಿ ಸೇರಿಹೋಗಿದ್ದ ನಿಜಾಮ ಸೀಮೆಯಲ್ಲಿಯೇ.

ಇನ್ನು ಮೈಯ ಮಾತು. ಒಂದೇ ಊರಿನಲ್ಲಿ, ಒಂದೇ ಸೊಳ್ಳೆಯ ಕಡಿತದಿಂದ, ಒಂದು ಮಗು ನಾಲ್ಕು ದಿನ ನಡುಗಿ ಏಳುತ್ತದೆ. ಇನ್ನೊಂದು ಎಚ್ಚರದಪ್ಪಿ ಅಸುನೀಗುತ್ತದೆ. ಇದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಎರಡು ಮುಖ್ಯ. ಮೊದಲನೆಯದು ಗಳಿಸಿದ ಶಕ್ತಿ: ಬಾಲ್ಯದಿಂದ ಪದೇ ಪದೇ ಜ್ವರ ಬಂದು ಬದುಕುಳಿದವನಿಗೆ ಅದು ಒದಗುತ್ತದೆ, ಊರು ಬಿಟ್ಟರೆ ಕ್ರಮೇಣ ಕುಗ್ಗುತ್ತದೆ. ಹೊರಗಿನಿಂದ ಬಂದ ಅಧಿಕಾರಿಗೂ ಕೆರೆಯ ಕೆಳಗಿನ ಒಕ್ಕಲಿಗನಿಗೂ ಕಂಡ ಅಂತರವನ್ನು ಬಹುಮಟ್ಟಿಗೆ ಇದರಿಂದಲೇ ವಿವರಿಸಬಹುದು. ಎರಡನೆಯದು ಪಿತ್ರಾರ್ಜಿತ. ಕೆಂಪುರಕ್ತಕಣದ ಕೆಲವು ದೋಷಗಳು ಮಲೇರಿಯಾದಿಂದ ಕಾಪಾಡುವುದರಿಂದಲೇ ವಂಶಗಳಲ್ಲಿ ಉಳಿದಿರಬೇಕೆಂದು 1949ರಲ್ಲಿ ಹಾಲ್ಡೇನನು ಸೂಚಿಸಿದನು. 1954ರಲ್ಲಿ ಆಲಿಸನ್ನನು ಪೂರ್ವ ಆಫ್ರಿಕದಲ್ಲಿ ಕುಡಗೋಲುಕಣದ ವಿಷಯದಲ್ಲಿ ಇದನ್ನು ತೋರಿಸಿದನು. ತಂದೆತಾಯಿಗಳಲ್ಲಿ ಒಬ್ಬರಿಂದ ಮಾತ್ರ ಈ ಗುಣ ಬಂದರೆ ಮಗುವಿಗೆ ಅದು ರಕ್ಷೆ. ಇಬ್ಬರಿಂದಲೂ ಬಂದರೆ ಅದೇ ವ್ಯಾಧಿ. ನಮ್ಮ ನೆರೆಯ ನೀಲಗಿರಿಯ ಗಿರಿಜನರಲ್ಲಿ ಈ ಕಣವಿರುವುದು 1952ರಲ್ಲಿಯೇ ಪ್ರಕಟವಾಗಿತ್ತು.

ಆದುದರಿಂದ ಹಳೆಯ ಬರಹಗಳಲ್ಲಿ ಒಂದು ಜಾತಿಯನ್ನು ಜ್ವರಕ್ಕೆ ಗಟ್ಟಿಯೆಂದೂ ಇನ್ನೊಂದನ್ನು ದುರ್ಬಲವೆಂದೂ ಬಣ್ಣಿಸಿದ್ದರೆ, ಅದನ್ನು ಆನುವಂಶಿಕತೆಗೆ ಪ್ರಮಾಣವೆಂದು ಎಣಿಸಲಾಗದು. ಗಳಿಸಿದ ಶಕ್ತಿಯೂ ಹುಟ್ಟಿನ ಶಕ್ತಿಯೂ ಹೊರನೋಟಕ್ಕೆ ಒಂದೇ ಆಗಿ ತೋರುತ್ತವೆ. ರಕ್ತಪರೀಕ್ಷೆಯೊಂದೇ ಅವನ್ನು ಬೇರ್ಪಡಿಸಬಲ್ಲುದು. ಇದು ಪಂಡಿತರ ವಾದಮಾತ್ರವಲ್ಲ. ಜಿ6ಪಿಡಿ ಎಂಬ ಕಿಣ್ವದ ಕೊರತೆಯುಳ್ಳವನಿಗೆ ಮಲೇರಿಯಾದ ಔಷಧವಾದ ಪ್ರೈಮಾಕ್ವಿನ್ ಕೊಟ್ಟರೆ ರಕ್ತಕಣಗಳು ಒಡೆಯುವ ಭಯವುಂಟು. ಜಾತಿಯನ್ನು ಕೇಳಿ ಮೈಯನ್ನು ಊಹಿಸುವ ಹಳೆಯ ಅಭ್ಯಾಸವು ಇತಿಹಾಸದ ಪುಟದಲ್ಲಿ ತಪ್ಪಾದರೆ, ರೋಗಿಯ ಹಾಸಿಗೆಯ ಬಳಿ ಪ್ರಾಣಾಪಾಯವೇ ಆದೀತು.