ಹೈಡ್ ಪಾರ್ಕಿಗೆ ಬಂದ ಹೊಸ ಸದ್ದು

1969ರ ಜುಲೈ 5ರಂದು ಲಂಡನ್ನಿನ ಹೈಡ್ ಪಾರ್ಕಿಗೆ ಲಕ್ಷಗಟ್ಟಲೆ ಜನ ಬಂದದ್ದು ರೋಲಿಂಗ್ ಸ್ಟೋನ್ಸ್ ತಂಡವನ್ನು ಕೇಳಲು. ಟಿಕೆಟ್ಟಿಲ್ಲದ ಕಾರ್ಯಕ್ರಮ. ಸ್ಟೋನ್ಸ್‌ಗಿಂತ ಮುಂಚೆ ನುಡಿಸಿದವರಲ್ಲಿ ಕಿಂಗ್ ಕ್ರಿಮ್ಸನ್ ಎಂಬ ಹೊಸ ತಂಡವೂ ಇತ್ತು. ಅದರ ಒಂದು ಆಲ್ಬಮ್ಮೂ ಆಗಿನ್ನೂ ಹೊರಬಂದಿರಲಿಲ್ಲ. ಮೊದಲನೆಯದು ಬಂದದ್ದು ಅಕ್ಟೋಬರ್‌ನಲ್ಲಿ. ಹಾಗಾಗಿ ಅಂದು ಅಲ್ಲಿದ್ದ ಬಹುಪಾಲು ಜನರಿಗೆ ಈ ತಂಡದ ಪ್ರೋಗ್ರೆಸಿವ್ ರಾಕ್, ಅಂದರೆ ಶಾಸ್ತ್ರೀಯ ಸಂಗೀತದ ಗಾಂಭೀರ್ಯ ಬೆರೆತ ರಾಕ್ ಶೈಲಿ, ಪರಿಚಯವಾದದ್ದೇ ಬಯಲಿನಲ್ಲಿ, ನೇರವಾಗಿ. ಅದಕ್ಕಿಂತ ಒಳ್ಳೆಯ ಪರಿಚಯ ಇನ್ನೊಂದಿಲ್ಲ.

ತಂಡದ ಬಳಿ ಮೆಲ್ಲೋಟ್ರಾನ್ ಎಂಬ ಕೀಲಿಮಣೆ ವಾದ್ಯ ಇತ್ತು. ಅದರ ಪ್ರತಿ ಕೀಲಿಯ ಹಿಂದೆ ಪಿಟೀಲು, ಕೊಳಲುಗಳ ಧ್ವನಿ ತುಂಬಿದ ಟೇಪಿನ ತುಂಡು. ಸುಮಾರು ಎಂಟು ಸೆಕೆಂಡಿಗೆ ಟೇಪು ಮುಗಿದು ಸ್ವರವೂ ನಿಲ್ಲುತ್ತದೆ. ಸಾಗಿಸುವುದೇ ಕಷ್ಟವಾದ ಆ ಭಾರದ ಪೆಟ್ಟಿಗೆ ಶ್ರುತಿ ತಪ್ಪುವುದಕ್ಕೂ ಹೆಸರುವಾಸಿ. ಆದರೂ ಐದು ಜನರ ತಂಡಕ್ಕೆ ವಾದ್ಯವೃಂದದ ಗಾಂಭೀರ್ಯ ಕೊಟ್ಟದ್ದು ಅದೇ. ಅಂದು ಶಾಸ್ತ್ರೀಯ ಸಂಗೀತ ರಚನೆಕಾರ ಹೋಲ್ಸ್ಟ್‌ನ ವಾದ್ಯವೃಂದ ಕೃತಿ ‘ಮಾರ್ಸ್’ ಕೂಡ ರಾಕ್ ಆಗಿ ಮೊಳಗಿತು.

ಮುಂದಿನ ವರ್ಷ ಐಲ್ ಆಫ್ ವೈಟ್ ಉತ್ಸವದಲ್ಲಿ ಇದೇ ಶೈಲಿಯ ಇನ್ನೊಂದು ತಂಡವಾದ ಎಮರ್ಸನ್, ಲೇಕ್ ಅಂಡ್ ಪಾಮರ್‌ನವರು ಸದ್ದಿನ ಜೊತೆಗೆ ನೋಟವನ್ನೂ ಸೇರಿಸಿ ವೇದಿಕೆಯಲ್ಲೇ ಫಿರಂಗಿ ಸಿಡಿಸಿದರು.

1972ರಲ್ಲಿ ಡಬ್ಲಿನ್ನಿನಲ್ಲಿ ಇದೇ ಶೈಲಿಯ ಜೆನೆಸಿಸ್ ತಂಡದ ಗಾಯಕ ಪೀಟರ್ ಗೇಬ್ರಿಯಲ್ ಕೆಂಪು ಗೌನು ತೊಟ್ಟು, ನರಿಯ ಮುಖವಾಡ ಹಾಕಿ ಬಂದ. ಹಾಡು ಕೇಳಲು ಬಂದವರಿಗೆ ನಾಟಕವೂ ದಕ್ಕಿತು.