ಆ್ಯಪ್ ಬದಲಾದರೂ ಕೈಬಿಡದ ಸವಲತ್ತು

ಇಎಸ್‌ಐ ಕಾಯ್ದೆ 1948ರದು, ಪಿಎಫ್ ಕಾಯ್ದೆ 1952ರದು. ಒಬ್ಬ ಮಾಲೀಕ, ಒಂದು ಹಾಜರಿ ಪುಸ್ತಕ, ತಿಂಗಳಿಗೊಮ್ಮೆ ಸಂಬಳ ಇರುವ ಕಾರ್ಖಾನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಕಾನೂನುಗಳಿವು. ಮಧ್ಯಾಹ್ನ ಒಂದು ಆ್ಯಪ್‌ಗೆ ಊಟ ತಲುಪಿಸಿ, ಸಂಜೆ ಇನ್ನೊಂದಕ್ಕೆ ದಿನಸಿ ಹೊರುವವನು ಇವುಗಳ ಲೆಕ್ಕದಲ್ಲಿ ಯಾರ ನೌಕರನೂ ಅಲ್ಲ. ಹಾಗಾದರೆ ಅವನ ವಿಮೆ, ಪಿಂಚಣಿ ಯಾರ ತಲೆಯ ಮೇಲೆ?

ಪ್ರಶ್ನೆ ಹೊಸದೆಂದು ತೋರಬಹುದು, ಉತ್ತರ ಮಾತ್ರ ಹಳೆಯದು. ಮುಂಬೈಯ ಮಾರುಕಟ್ಟೆ, ಗೋದಾಮುಗಳ ಹಮಾಲರು ದಿನಕ್ಕೆ ನಾಲ್ಕು ಅಂಗಡಿಯ ಮೂಟೆ ಹೊರುತ್ತಿದ್ದರು. ಅಣ್ಣಾಸಾಹೇಬ್ ಪಾಟೀಲರ ಮುಂದಾಳತ್ವದ ಹೋರಾಟದ ಫಲವಾಗಿ ಮಹಾರಾಷ್ಟ್ರ 1969ರಲ್ಲಿ ಮಾಥಾಡಿ ಕಾಯ್ದೆ ತಂದಿತು. ವರ್ತಕ ಕೂಲಿಯ ಜೊತೆಗೆ ಅದರ ಮೇಲೊಂದಿಷ್ಟು ಲೆವಿಯನ್ನೂ ಕಾಯ್ದೆಯಡಿ ರಚನೆಯಾದ ಮಂಡಳಿಗೆ ಕಟ್ಟಬೇಕು. ಮಂಡಳಿ ಕೂಲಿ ಬಟವಾಡೆ ಮಾಡಿ, ಲೆವಿಯಿಂದ ಪಿಎಫ್, ಗ್ರಾಚ್ಯುಟಿ, ಚಿಕಿತ್ಸೆ ನೋಡಿಕೊಳ್ಳುತ್ತದೆ. ಮೂಟೆ ಯಾರದಾದರೂ ಖಾತೆ ಹಮಾಲನದೇ. ಇಂದು ಹೊಸ ಆವಿಷ್ಕಾರವೆಂಬಂತೆ ಚರ್ಚೆಯಾಗುತ್ತಿರುವ, ಕೆಲಸ ಕೊಡುವವರು ಬದಲಾದರೂ ಕಾರ್ಮಿಕನ ಜೊತೆಗೇ ಸಾಗುವ ಸವಲತ್ತು ಎಂಬ ವಿಚಾರದ ತಿರುಳೆಲ್ಲ ಇದರಲ್ಲೇ ಇದೆ. ನ್ಯೂಯಾರ್ಕ್‌ನಲ್ಲಿ ಬಾಡಿಗೆ ಕಾರುಗಳ ಚಾಲಕರಿಗಾಗಿ, ಪ್ರಯಾಣಿಕರ ಬಿಲ್ಲಿನ ಮೇಲೆ ಸಣ್ಣ ಶುಲ್ಕ ಹಾಕಿ ಗಾಯಾಳು ಪರಿಹಾರ ಕೊಡುವ ಬ್ಲ್ಯಾಕ್ ಕಾರ್ ಫಂಡ್ ಹುಟ್ಟಿದ್ದು 1999ರಲ್ಲಿ, ಮೂವತ್ತು ವರ್ಷ ತಡವಾಗಿ.

ಮಾಥಾಡಿಯ ನಂತರದ ಪ್ರಯೋಗಗಳು ಅಷ್ಟು ಗಟ್ಟಿಯಾಗಿರಲಿಲ್ಲ. 1976ರ ಬೀಡಿ ಸೆಸ್ ಕರಾವಳಿಯ ಬೀಡಿ ಕಟ್ಟುವ ಹೆಂಗಸರ ಮಕ್ಕಳಿಗೆ ವಿದ್ಯಾರ್ಥಿವೇತನ, ಮನೆಯವರಿಗೆ ಔಷಧಿ ಕೊಟ್ಟಿತು. 2017ರಲ್ಲಿ ಜಿಎಸ್‌ಟಿ ಬಂದಾಗ ಸೆಸ್ಸೇ ರದ್ದಾಗಿ, ಕಲ್ಯಾಣವೆಲ್ಲ ಕೇಂದ್ರ ಬಜೆಟ್ಟಿನ ಕೃಪೆಗೆ ಬಿತ್ತು. ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಬಂದ ಕಾಯ್ದೆಯ ಕಥೆ ಇದಕ್ಕೆ ತಿರುಗುಮುರುಗು. ಕಾಮಗಾರಿ ವೆಚ್ಚದ ಶೇ. 1ರಿಂದ 2ರವರೆಗಿನ ಸೆಸ್‌ನಿಂದ ಹಣ ರಾಶಿ ಬಿತ್ತು, ಖರ್ಚಾಗಲಿಲ್ಲ. 2018ರಲ್ಲಿ ಸುಪ್ರೀಂ ಕೋರ್ಟ್ ಸರ್ಕಾರಗಳನ್ನು ಕಟುವಾಗಿ ತರಾಟೆಗೆ ತೆಗೆದುಕೊಂಡಿತು. ಮೇಲಾಗಿ, ಹಿಂದಿನ ವರ್ಷ 90 ದಿನ ದುಡಿದಿದ್ದೇನೆ ಎಂದು ಗಾರೆ ಕೆಲಸದವರು ತೋರಿಸಬೇಕು. ಮೇಸ್ತ್ರಿ ಬದಲಾಗುತ್ತಲೇ ಇರುವಾಗ ಆ ಚೀಟಿ ಬರೆದುಕೊಡುವವರು ಯಾರು?

ಆ್ಯಪ್ ಕಾಲದಲ್ಲಿ ಈ ಒಂದು ತೊಡಕು ತಾನಾಗಿ ಬಿಚ್ಚಿಕೊಂಡಿದೆ. ಪ್ರತಿ ಆರ್ಡರೂ, ಪ್ರತಿ ರೂಪಾಯಿಯೂ ಕಂಪನಿಯ ಕಂಪ್ಯೂಟರಿನಲ್ಲಿ ದಾಖಲಾಗಿರುತ್ತದೆ. ಆದರೂ ಕಾನೂನು ನಿಧಾನವಾಗಿಯೇ ಬಂತು. 2020ರ ಸಾಮಾಜಿಕ ಭದ್ರತಾ ಸಂಹಿತೆ ಹೀಗೆ ಬಿಡಿಬಿಡಿಯಾಗಿ ದುಡಿಯುವ ಗಿಗ್ ಕಾರ್ಮಿಕರನ್ನು ಮೊದಲ ಬಾರಿಗೆ ಹೆಸರಿಸಿ, ಆ್ಯಪ್ ನಡೆಸುವ ಅಗ್ರಿಗೇಟರ್ ಕಂಪನಿಗಳು ವಾರ್ಷಿಕ ವಹಿವಾಟಿನ ಶೇ. 1ರಿಂದ 2 ಕಟ್ಟಬೇಕೆಂದಿತು. ಜಾರಿಯಾದದ್ದು ಐದು ವರ್ಷದ ಬಳಿಕ, 2025ರ ನವೆಂಬರ್ 21ರಂದು. ನಡುವೆ 2021ರಲ್ಲಿ ಬಂದ, ಅಸಂಘಟಿತ ಕಾರ್ಮಿಕರ ನೋಂದಣಿಯ ಇ-ಶ್ರಮ್ ಪೋರ್ಟಲ್ ಕೈಗೊಂದು ನಂಬರ್ ಕೊಟ್ಟಿತು, ನಂಬರಿನ ಹಿಂದೆ ಯಾವ ಕಂಪನಿಯ ವಂತಿಗೆಯೂ ಇರಲಿಲ್ಲ. ನೀತಿ ಆಯೋಗ 2022ರಲ್ಲಿ ಗಿಗ್ ಕಾರ್ಮಿಕರ ಸಂಖ್ಯೆ 2020-21ರಲ್ಲಿ 77 ಲಕ್ಷವಿತ್ತೆಂದೂ, 2029-30ಕ್ಕೆ 2.35 ಕೋಟಿ ಮುಟ್ಟಲಿದೆಯೆಂದೂ ಅಂದಾಜಿಸಿತು. ರಾಜಸ್ಥಾನ 2023ರಲ್ಲಿ ದೇಶದ ಮೊದಲ ಗಿಗ್ ಕಾಯ್ದೆ ಮಾಡಿತು. ಅದೇ ಡಿಸೆಂಬರಿನಲ್ಲಿ ಸರ್ಕಾರ ಬದಲಾಗಿ ಕಾಯ್ದೆ ನೆನೆಗುದಿಗೆ ಬಿತ್ತು.

ಕರ್ನಾಟಕ 2023ರ ಬಜೆಟ್ಟಿನಲ್ಲಿ ಒಟ್ಟು 4 ಲಕ್ಷ ರೂಪಾಯಿಯ ಜೀವ ಮತ್ತು ಅಪಘಾತ ವಿಮೆಯಿಂದ ಶುರು ಮಾಡಿತು. 2024ರಲ್ಲಿ ಕರಡು ಮಸೂದೆ, 2025ರ ಮೇನಲ್ಲಿ ಸುಗ್ರೀವಾಜ್ಞೆ, ಆಗಸ್ಟ್‌ನಲ್ಲಿ ಶಾಸನಸಭೆಯ ಒಪ್ಪಿಗೆ. ಈ ಕಾಯ್ದೆಯ ಪ್ರಕಾರ ಕಂಪನಿ ಪ್ರತಿ ಆರ್ಡರಿನಲ್ಲೂ ಕಾರ್ಮಿಕನಿಗೆ ಕೊಡುವ ಹಣದ ಶೇ. 1ರಿಂದ 5ರಷ್ಟು ಕಲ್ಯಾಣ ಶುಲ್ಕವನ್ನು ಗಿಗ್ ಕಾರ್ಮಿಕರ ಮಂಡಳಿಯ ನಿಧಿಗೆ ಕಟ್ಟಬೇಕು. ಕಾರ್ಮಿಕನಿಗೆ ಎಲ್ಲ ಆ್ಯಪ್‌ಗಳಿಗೂ ಸಲ್ಲುವ ಒಂದೇ ಐಡಿ. ಕೆಲಸದಿಂದ ತೆಗೆಯುವ ಮುನ್ನ 14 ದಿನದ ನೋಟಿಸ್ ಕೂಡ ಕೊಡಬೇಕು. ಬೆಳಿಗ್ಗೆ ಎದ್ದು ನೋಡಿದರೆ ಐಡಿ ಬ್ಲಾಕ್ ಆಗಿರುವ ಭಯದಲ್ಲೇ ದುಡಿಯುವವರಿಗೆ ಇದೇನೂ ಸಣ್ಣದಲ್ಲ.

ಕೇಂದ್ರದ ವಾರ್ಷಿಕ ವಹಿವಾಟಿನ ಲೆಕ್ಕಕ್ಕಿಂತ ರಾಜ್ಯದ ಆರ್ಡರ್ ಲೆಕ್ಕವೇ ನನಗೆ ಒಪ್ಪಿಗೆ. ಹಣ ದುಡಿಮೆಯ ಬೆನ್ನಿಗೇ ಬರುತ್ತದೆ. ಹಾಗೆಂದು ಮೊತ್ತದ ಬಗ್ಗೆ ಭ್ರಮೆ ಬೇಡ. ತಿಂಗಳಿಗೆ 20,000 ದುಡಿದವನ ಪಾಲಿಗೆ ಕಂಪನಿ ಕಟ್ಟುವುದು 200ರಿಂದ 1,000 ರೂಪಾಯಿ. ಪಿಎಫ್‌ನಲ್ಲಿ ಮಾಲೀಕನ ಪಾಲೇ ಶೇ. 12. ಮೇಲಾಗಿ, ಕಲ್ಯಾಣ ಶುಲ್ಕ ವೈಯಕ್ತಿಕ ಖಾತೆಗಲ್ಲ, ಸಾಮೂಹಿಕ ನಿಧಿಗೆ ಹೋಗುತ್ತದೆ. ಅಪಘಾತ, ಆಸ್ಪತ್ರೆ ಖರ್ಚಿಗೆ ಸಾಮೂಹಿಕ ನಿಧಿಯೇ ಸರಿ. ಮುಪ್ಪಿಗೆ ಮಾತ್ರ ಅವರವರ ಹೆಸರಿನ ಉಳಿತಾಯವೇ ಬೇಕು. ಇನ್ನು, ಐಡಿ ಆ್ಯಪ್‌ಗಳನ್ನು ದಾಟಿದರೂ ರಾಜ್ಯದ ಗಡಿ ದಾಟುವುದಿಲ್ಲ. ಅತ್ತಿಬೆಲೆಯವನು ಹೊಸೂರಿಗೆ ಹೋಗಿ ದುಡಿದರೆ ಅಲ್ಲಿ ತಮಿಳುನಾಡಿನದೇ ಬೇರೆ ಮಂಡಳಿ. ಕೇಂದ್ರದ ಸಂಹಿತೆಯೂ ಜಾರಿಯಾಗಿರುವುದರಿಂದ ಒಂದೇ ದುಡಿಮೆಗೆ ಎರಡು ಕಡೆ ಕಟ್ಟಬೇಕೆ ಎಂಬ ತಕರಾರಿಗೂ ದಾರಿಯಿದೆ.

ಹಣ ಕೂಡಿಸುವುದನ್ನು ನಾವು 1969ರಿಂದಲೇ ಬಲ್ಲೆವು, ಸೋತದ್ದು ಹಂಚುವಲ್ಲಿ. ಆದ್ದರಿಂದ ಗಿಗ್ ಕಾರ್ಮಿಕರ ಮಂಡಳಿ ವರ್ಷಕ್ಕೊಮ್ಮೆ ಸಂಗ್ರಹವಾದ ಕೋಟಿಗಳ ಲೆಕ್ಕವನ್ನಷ್ಟೇ ಪ್ರಕಟಿಸಿದರೆ ಸಾಲದು. ಎಷ್ಟು ಅರ್ಜಿ ಬಂದವು, ಎಷ್ಟಕ್ಕೆ ಹಣ ಸಿಕ್ಕಿತು, ಎಷ್ಟು ದಿನದಲ್ಲಿ ಸಿಕ್ಕಿತು ಎಂಬುದನ್ನು ಪ್ರತಿ ತಿಂಗಳೂ ಸಾರ್ವಜನಿಕರ ಮುಂದಿಡಬೇಕು.