ಮೆಕ್ಸಿಕೊ ಸೇರಿದ ಮಿರ್ರಾ

ಸ್ಪೇನಿನ ಸಾಮ್ರಾಜ್ಯದ ಬಗ್ಗೆ ಶಾಲೆಯಲ್ಲಿ ನಾವು ಓದಿದ್ದು ಸ್ವಲ್ಪವೇ. 1492ರಲ್ಲಿ ಕೊಲಂಬಸ್ ಇಂಡಿಯಾ ಹುಡುಕಿಕೊಂಡು ಹೊರಟು ಅಮೆರಿಕ ಸೇರಿದ. ಅವನ ಹಿಂದೆ ಹೋದವರು ಮೆಕ್ಸಿಕೊ, ಪೆರುಗಳನ್ನು ಗೆದ್ದು ಬೆಳ್ಳಿ ಬಂಗಾರ ಸಾಗಿಸಿದರು. ಕೊಲಂಬಸ್‌ಗೆ ಸಿಗದ ಇಂಡಿಯಾದಿಂದ ಮುಂದೊಂದು ದಿನ ಒಬ್ಬ ಹುಡುಗಿ ಗುಲಾಮಳಾಗಿ ಮೆಕ್ಸಿಕೊ ಸೇರಿದಳು ಎಂಬುದು ಆ ಪಾಠಗಳಲ್ಲಿ ಇರಲಿಲ್ಲ. ಅವಳ ಹೆಸರು ಮಿರ್ರಾ.

17ನೇ ಶತಮಾನದ ಆರಂಭದಲ್ಲಿ ಮೊಘಲರ ಸೀಮೆಯಲ್ಲಿ ಹುಟ್ಟಿದ ಅವಳನ್ನು ಪೋರ್ಚುಗೀಸರು ಬಾಲ್ಯದಲ್ಲೇ ಅಪಹರಿಸಿದರು. ಕೊಚ್ಚಿಯಲ್ಲಿ ಅವಳಿಗೆ ಕತರೀನಾ ದೆ ಸಾನ್ ಹುವಾನ್ ಎಂಬ ಕ್ರೈಸ್ತ ಹೆಸರಿಟ್ಟರು. ಅಲ್ಲಿಂದ ಅವಳು ಹೋದದ್ದು ಫಿಲಿಪೀನ್ಸಿನ ಮನಿಲಾಗೆ. 1571ರಿಂದ ಮನಿಲಾ ಸ್ಪೇನಿನ ಕೈಯಲ್ಲಿತ್ತು. 1580ರಿಂದ 1640ರವರೆಗೆ ಸ್ಪೇನ್, ಪೋರ್ಚುಗಲ್ ಎರಡಕ್ಕೂ ಒಬ್ಬನೇ ರಾಜ. ಹಾಗಾಗಿ ಪೋರ್ಚುಗೀಸ್ ವ್ಯಾಪಾರಿಗಳು ತಂದ ಗುಲಾಮರಿಗೆ ಅಲ್ಲಿ ಮಾರುಕಟ್ಟೆ ಸಿದ್ಧವಾಗಿತ್ತು. ಮನಿಲಾದಿಂದ ಮೆಕ್ಸಿಕೊದ ಅಕಾಪುಲ್ಕೊಗೆ ಹೋಗುತ್ತಿದ್ದ ದೊಡ್ಡ ಹಡಗುಗಳು ಚೀನಾದ ರೇಷ್ಮೆ, ಪಿಂಗಾಣಿಗಳ ಜೊತೆ ಮನುಷ್ಯರನ್ನೂ ಹೊತ್ತೊಯ್ಯುತ್ತಿದ್ದವು. ಮರಳುವಾಗ ಬೆಳ್ಳಿ ತರುತ್ತಿದ್ದವು.

ಅಮೆರಿಕದ ಮೂಲನಿವಾಸಿಗಳನ್ನು ಗುಲಾಮರನ್ನಾಗಿ ಮಾಡಿಕೊಳ್ಳಬಾರದೆಂದು 1542ರಲ್ಲೇ ಸ್ಪೇನ್ ಕಾನೂನು ಮಾಡಿತ್ತು. ಆದರೆ ಏಷ್ಯಾದಿಂದ ಬಂದವರು ಭಾರತದವರಾಗಲಿ, ಫಿಲಿಪೀನ್ಸಿನವರಾಗಲಿ, ಎಲ್ಲರಿಗೂ ‘ಚೀನೀಯರು’ ಎಂಬ ಒಂದೇ ಹಣೆಪಟ್ಟಿ ಅಂಟಿಸಿ ಗುಲಾಮರಾಗಿ ಇಟ್ಟುಕೊಂಡರು. ಇವರನ್ನು ಬಿಡುಗಡೆ ಮಾಡಬೇಕೆಂಬ ರಾಜಾಜ್ಞೆ ಬಂದದ್ದು 1672ರಲ್ಲಿ.

ಮಿರ್ರಾಳನ್ನು ಕೊಂಡವನು ಪುಯೆಬ್ಲಾ ನಗರದ ಮಿಗೆಲ್ ದೆ ಸೋಸಾ. ಅವನು ಸತ್ತಾಗ ಉಯಿಲಿನ ಮೂಲಕ ಅವಳಿಗೆ ಬಿಡುಗಡೆ ಸಿಕ್ಕಿತು. ಮುಂದೆ ಇನ್ನೊಬ್ಬ ಏಷ್ಯಾದ ಗುಲಾಮನೊಂದಿಗೆ ಮದುವೆಯೂ ಆಯಿತು. ಓದು ಬರಹ ಬಾರದ ಆಕೆ ಬಡತನದಲ್ಲಿ, ಜಪತಪದಲ್ಲಿ ದಿನ ಕಳೆದಳು. ಊರಿನ ಜನ ಅವಳನ್ನು ಸಂತಳೆಂದೇ ನಂಬಿದರು. 1688ರಲ್ಲಿ ತೀರಿಕೊಂಡಾಗ ಅಂತಿಮ ದರ್ಶನಕ್ಕೆ ಜನ ಮುಗಿಬಿದ್ದರು.

ಅವಳ ಧರ್ಮಗುರು ಅಲೊನ್ಸೊ ರಾಮೊಸ್ 1689ರಿಂದ 1692ರ ನಡುವೆ ಅವಳ ಚರಿತ್ರೆಯನ್ನು ಮೂರು ಸಂಪುಟಗಳಲ್ಲಿ ಅಚ್ಚು ಹಾಕಿಸಿದ. ಅದರಲ್ಲಿ ಅವಳು ರಾಜವಂಶದ ಹುಡುಗಿ, ದಿವ್ಯದರ್ಶನ ಪಡೆದವಳು. ಚರ್ಚಿನ ವಿಚಾರಣಾ ಮಂಡಳಿಗೆ ಇದು ಅತಿರೇಕವೆನಿಸಿತು. ಪುಸ್ತಕವನ್ನೂ, ಮನೆಮನೆಯಲ್ಲಿ ಪೂಜೆಗೊಳ್ಳುತ್ತಿದ್ದ ಅವಳ ಚಿತ್ರಗಳನ್ನೂ ನಿಷೇಧಿಸಿತು. ಅವಳನ್ನು ಸಂತಳನ್ನಾಗಿ ಮಾಡಿದವರೂ ಪಾದ್ರಿಗಳು, ಅಳಿಸಹೊರಟವರೂ ಪಾದ್ರಿಗಳು. ಅವಳ ಸ್ವಂತ ಕೈಬರಹದ ಒಂದು ಸಾಲೂ ನಮಗಿಲ್ಲ.

ಇಂದು ಮೆಕ್ಸಿಕೊದಲ್ಲಿ ‘ಚೀನಾ ಪೊಬ್ಲಾನಾ’, ಅಂದರೆ ಪುಯೆಬ್ಲಾದ ಚೀನೀ ಹೆಣ್ಣು, ಎಂಬ ಉಡುಪು ಪ್ರಸಿದ್ಧ. ಚಮಕಿ ಹಚ್ಚಿದ ಲಂಗ, ಕಸೂತಿಯ ಬಿಳಿ ರವಿಕೆ, ಹೆಗಲ ಮೇಲೊಂದು ಶಾಲು. ಇದು ಮಿರ್ರಾಳಿಂದ ಬಂತೆಂದು ಜನ ಹೇಳುತ್ತಾರೆ. ಆದರೆ ಈ ಉಡುಪು ರೂಢಿಗೆ ಬಂದದ್ದು 19ನೇ ಶತಮಾನದಲ್ಲಿ. ಸಾದಾ ಬಟ್ಟೆಯುಟ್ಟು ಬದುಕಿದವಳಿಗೆ ಲೋಕ ಚಮಕಿ ಲಂಗ ತೊಡಿಸಿತು.

ಸಾಮ್ರಾಜ್ಯಗಳ ಇತಿಹಾಸ ಓದುವಾಗ ಹಡಗು, ಬೆಳ್ಳಿ, ಯುದ್ಧಗಳ ಲೆಕ್ಕ ಸುಲಭವಾಗಿ ಸಿಗುತ್ತದೆ. ಅದೇ ಹಡಗಿನ ತಳದಲ್ಲಿದ್ದ ಹುಡುಗಿಯನ್ನು ಕಾಣಬೇಕಾದರೆ, ಈ ಮಾತನ್ನು ಬರೆದವರು ಯಾರು, ಯಾಕೆ ಬರೆದರು ಎಂದು ಪುಟಪುಟಕ್ಕೂ ಕೇಳಬೇಕಾಗುತ್ತದೆ. ಮಿರ್ರಾ ಎಂಬ ಹೆಸರೂ ನಮಗೆ ಸಿಕ್ಕಿರುವುದು ಪಾದ್ರಿಗಳ ಬರಹದಿಂದಲೇ. ಹೆತ್ತ ತಾಯಿ ಅವಳನ್ನು ಏನೆಂದು ಕರೆಯುತ್ತಿದ್ದಳೋ!